ಶುಕ್ರವಾರದ ಬಾತುಕೋಳಿ

ಪೋಲೆಂಡಿನ ಹಳ್ಳಿಯ ಮೇಲೆ ಬಾಂಬು ಬೀಳುತ್ತಿತ್ತು. ನೆಲಮಾಳಿಗೆಯಲ್ಲಿ ಅಡಗಿದ್ದ ಗೆಳೆಯರಾದ ಬ್ರೋನೆಕ್, ಯಾದ್ವಿಗಾ ಇಬ್ಬರೂ ಒಂದೇ ಆಲೂಗಡ್ಡೆಯನ್ನು ಅರ್ಧರ್ಧ ತಿಂದು, ದಿನದಂತೆ ಬರೀ ಬಾಯಿಮಾತಲ್ಲೇ ಅಡುಗೆ ಶುರು ಮಾಡಿದರು. ಅಂದು ಬ್ರೋನೆಕ್‌ನ ಸರದಿ. ಬಾತುಕೋಳಿಯ ಹೊಟ್ಟೆಗೆ ಸೇಬು ತುಂಬಿ, ಸಣ್ಣ ಉರಿಯಲ್ಲಿ ಸುಟ್ಟು, ಬರಿಗೈಯಿಂದ ಬಡಿಸಿದ.

"ಶುಕ್ರವಾರ ಮಾಂಸ ತಿಂದರೆ ಪಾಪ ಕಣೋ," ಎಂದಳು ಯಾದ್ವಿಗಾ.

"ಇಲ್ಲದ ಬಾತುಕೋಳಿಗೂ ಪಾಪವೇನೇ?"

"ದೇವರು ನೋಡ್ತಿರ್ತಾನೆ. ನನ್ನ ಪಾಲು ನಾಳೆಗೆ ಮುಚ್ಚಿಡು."

ಅವನು ಮುಚ್ಚಿಟ್ಟ. ಅವಳು ಜಪಸರ ಹಿಡಿದು ಕಣ್ಣು ಮುಚ್ಚಿದಳು.

ಮರುದಿನ ಆಲೂಗಡ್ಡೆಯೂ ಇರಲಿಲ್ಲ. ಯಾದ್ವಿಗಾ ಕೈಯೊಡ್ಡಿದಳು. "ಎಲ್ಲೋ ನನ್ನ ಬಾತುಕೋಳಿ?"

ಬ್ರೋನೆಕ್ ತಲೆ ತಗ್ಗಿಸಿದ.

"ನಿನ್ನೆ ನೀನು ಜಪ ಮಾಡ್ತಿದ್ದಾಗ ತಡೆಯೋಕಾಗಲಿಲ್ಲ ಕಣೇ, ನಾನೇ ತಿಂದುಬಿಟ್ಟೆ."