ಕೌದಿಗೆ ಕಡಿಮೆ ಬಿದ್ದ ಒಂದು ಗೇಣು

ಕಸ್ತೂರಿ ಗದಗಿನ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ಶಾಂಭವಿಗೆ ಏಳು ವರ್ಷ. ಹೆತ್ತ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು.

ಹುಡುಗಿ ಜಗಳವಾಡಲಿಲ್ಲ, ಹಟ ಮಾಡಲಿಲ್ಲ... ಆದರೆ ಕಸ್ತೂರಿಯನ್ನು ಬಂದ ಬೀಗರಂತೆ ಮಾತಾಡಿಸುತ್ತಿದ್ದಳು.

"ನನ್ನ ಪೆನ್ಸಿಲ್ ಕಂಡ್ರೇನ್ರಿ?"

"ನೀವು ಊಟ ಮಾಡ್ರಿ, ನನಗ ಹಸಿವಿಲ್ಲ."

ಎರಡು ವರ್ಷ ಹೀಗೇ ಕಳೆಯಿತು. ಆ 'ರೀ' ಕೇಳಿದಾಗಲೆಲ್ಲ ಕಸ್ತೂರಿಯ ಎದೆಯಲ್ಲಿ ಏನೋ ಚುಚ್ಚುತ್ತಿತ್ತು...

ಟ್ರಂಕಿನಲ್ಲಿ ಶಾಂಭವಿಯ ಹೆತ್ತ ತಾಯಿಯ ನೂಲಿನ ಸೀರೆಗಳು ಮೂರು ಇದ್ದವು. ಒಂದು ದಿನ ಬಿಸಿಲಿಗೆ ಹಾಕಲು ತೆಗೆದರೆ, ಮಡಿಚಿದ ಕಡೆಯಲ್ಲೆಲ್ಲ ಪಿಸಿದುಹೋಗಿದ್ದವು.

ಕಸ್ತೂರಿ ಓಣಿಯ ದುಂಡವ್ವನನ್ನು ಕರೆದಳು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊದೆಯಲು ಕೌದಿ ಹೊಲಿಯುವುದರಲ್ಲಿ ದುಂಡವ್ವನದು ಪಳಗಿದ ಕೈ. ಇಬ್ಬರೂ ಕತ್ತರಿ ಹಿಡಿದು ಕೂತರು.

ಶಾಲೆಯಿಂದ ಬಂದ ಶಾಂಭವಿ ಬಾಗಿಲಲ್ಲೇ ನಿಂತಳು. ಮುಖ ಬಿಳಿಚಿತ್ತು.

"ನಮ್ಮವ್ವನ ಸೀರಿ ಯಾಕ ಕತ್ತರಿಸಿದ್ರಿ?"

"ಪಿಸದ ಹೊಂಟಾವ ಬಂಗಾರ... ಟ್ರಂಕಿನಾಗ ಇಟ್ರ ಮುಂದಿನ ವರ್ಷಕ್ಕ ಒಂದೂ ಉಳಿಯಂಗಿಲ್ಲ. ಕೌದಿ ಮಾಡಿದ್ರ ನೀ ಹೊತ್ಕೊಬಹುದು."

ಹುಡುಗಿ ಶಾಲೆಯ ಚೀಲ ಹಿಡಿದು ಒಳಗೆ ಹೋದಳು. ಎರಡು ದಿನ ಕೌದಿಯ ಹತ್ತಿರ ಸುಳಿಯಲಿಲ್ಲ...

ಮೂರನೆಯ ದಿನ ಕೌದಿಯ ಹಿಂಬದಿಯ ಬಟ್ಟೆ ಕೂಡಿಸುವಾಗ ತೊಡಕಾಯಿತು. ಗಟ್ಟಿ ತುಂಡುಗಳನ್ನೆಲ್ಲ ಜೋಡಿಸಿದರೂ ಒಂದು ಗೇಣು ಕಡಿಮೆ ಬಿತ್ತು. ನಾಲ್ಕೂ ಕಡೆಯ ಅಂಚಿಗಂತೂ ಏನೂ ಉಳಿದಿರಲಿಲ್ಲ.

"ನಿಂದೊಂದು ಹಳೇ ಸೀರಿ ಹಾಕು, ಮುಗೀತು," ಅಂದಳು ದುಂಡವ್ವ.

"ಬ್ಯಾಡ ದುಂಡವ್ವ... ಇದು ಆಕಿ ಅವ್ವನ ಕೌದಿ. ನಂದು ಕೂಡಿತಂದ್ರ ಹುಡುಗಿ ಹೊತ್ಕೊಳ್ಳಾಂಗಿಲ್ಲ. ಪ್ಯಾಟಿಯಿಂದ ಬ್ಯಾರೆ ಅರಿವಿ ತರ್ತೀನಿ. ಆಕಿ ಬೆಚ್ಚಗ ಮಲಗಿದ್ರ ಸಾಕು ನನಗ."

ಒಳಗೆ ಹೋಂವರ್ಕ್ ಬರೆಯುತ್ತಿದ್ದ ಶಾಂಭವಿಗೆ ಎಲ್ಲವೂ ಕೇಳಿಸಿತ್ತು...

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಸದ್ದಾಯಿತು. ಹಗ್ಗದ ಮೇಲೆ ಒಣಗಿದ್ದ ಕಸ್ತೂರಿಯ ಹಸಿರು ಸೀರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹುಡುಗಿ ಬಂದಳು. ಅದನ್ನು ಕಸ್ತೂರಿಯ ಮಡಿಲಿಗೆ ಹಾಕಿದಳು.

"ಇದನ್ನ ಹಾಕ ಬೇ."

ಕಸ್ತೂರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. 'ರೀ' ಅಲ್ಲ, 'ಬೇ'! ಆ ಊರಿನ ಮಕ್ಕಳು ಅವ್ವನನ್ನು ಸಲುಗೆಯಿಂದ ಮಾತಾಡಿಸುವುದು ಹಾಗೆ...

"ಇದು ನಿಮ್ಮವ್ವಂದು ಅಲ್ಲ, ನಂದು..." ಎಂದಳು.

"ಗೊತ್ತೈತಿ. ಅವ್ವನ ಸೀರಿ ಸಾಲವಲ್ದು. ನಿಂದು ಕೂಡಿಸಿದ್ರ ಸಾಕಾಗತೈತಿ."

ದುಂಡವ್ವ ಸೂಜಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಸ್ತೂರಿ ಒಂದು ಗೇಣು ಪಟ್ಟಿ ಕತ್ತರಿಸಿ ಹಿಂಬದಿಗೆ ಕೂಡಿಸಿದಳು. ಬಿಚ್ಚಿಕೊಳ್ಳದಿರಲೆಂದು ಕೂಡಿಸಿದಲ್ಲಿ ಎರಡೆರಡು ಸಲ ಹೊಲಿದಳು. ಉಳಿದದ್ದು ಸುತ್ತಲ ಅಂಚಾಯಿತು.

ಹನ್ನೊಂದು ದಿನಕ್ಕೆ ಕೌದಿ ಮುಗಿಯಿತು. ಅಂದು ಮಧ್ಯಾಹ್ನ ಶಾಂಭವಿ ಅದನ್ನು ಪಡಸಾಲೆಯಲ್ಲಿ ಹಾಸಿ, ಒಂದು ಬದಿಗೆ ಸರಿದು ಮಲಗಿದಳು.

"ನೀನೂ ಬಾ, ಜಾಗ ಐತಿ."

ಕಸ್ತೂರಿ ಪಕ್ಕದಲ್ಲಿ ಮಲಗಿ ಮುಖ ಆಚೆ ತಿರುಗಿಸಿಕೊಂಡಳು... ಎರಡು ವರ್ಷ ತಡೆದಿಟ್ಟ ಅಳು ಆಗ ಬಂತು. ಹುಡುಗಿ ಅವಳ ಬೆನ್ನ ಮೇಲೆ ಕೈ ಹಾಕಿ ಹಾಗೇ ನಿದ್ದೆ ಹೋದಳು.

*ಹೋದವರ ಜಾಗವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ... ಬಂದವರಿಗೂ ಒಂದಿಷ್ಟು ಜಾಗ ಕೊಡುವ ಮನಸ್ಸು ಬೇಕು, ಅಷ್ಟೆ.*

ಒಂದು ಸಲ 'ನಮ್ಮವರು' ಅನ್ನಿಸಿಕೊಳ್ಳಲು ಸುಮ್ಮನೆ ಕಾಯುತ್ತಿರುವವರು ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಾರೆಯೇ?