ಕೂಸು ಒಪ್ಪಿಸಿದ ಪಾಠ

ಧನುರ್ಮಾಸದ ಹದಿನೈದು ದಿನಗಳನ್ನು ಮೇಲುಕೋಟೆಯ ನಿಶ್ಶಬ್ದದಲ್ಲಿ ಕಳೆಯಬೇಕೆಂದು ವಿದ್ವಾನ್ ರಂಗಪ್ರಿಯಾಚಾರ್ಯರು ನಿಶ್ಚಯಿಸಿದ್ದರು. ಪತ್ನಿ ವಕುಳೆಗೆ ಏಳು ತಿಂಗಳು ತುಂಬಿತ್ತು. ಏಳು ತುಂಬಿದ ಕೂಸು ತಾನು ಕೇಳಿದ್ದನ್ನೆಲ್ಲ ಒಡಲೊಳಗಿಂದಲೇ ಒಪ್ಪಿಸುವುದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ಹತ್ತಿರವಿದ್ದರೆ ಒಂದು ಕೂಸಿನ ಮಾತನ್ನು ಇನ್ನೊಬ್ಬಳ ಒಡಲ ಕೂಸು ಕಲಿಯುವುದೂ ಇದ್ದದ್ದೇ. ಆದ್ದರಿಂದ ಅಲ್ಲಿ ಬಸುರಿಯರ ಬಿಡದಿ ನಡೆಸುವ ಕುಮುದಮ್ಮ, ಕೋಣೆ ಕೊಡುವ ಮುನ್ನ ಕೂಸಿನ ಮಾತು ಕೇಳುತ್ತಿದ್ದರು.

"ಏನು ಕಲಿಸಿದೀರಿ, ಸ್ವಾಮಿ?" ಎಂದರು ಫೋನಿನಲ್ಲಿ.

"ನಿತ್ಯವೂ ಸಹಸ್ರನಾಮ, ತಾಯಿ. ಬೇರೊಂದು ಮಾತು ಅದರ ಕಿವಿಗೆ ಬಿದ್ದಿಲ್ಲ," ಎಂದು ಆಚಾರ್ಯರು ಹೆಮ್ಮೆಯಿಂದ ಫೋನನ್ನು ಪತ್ನಿಯ ಹೊಟ್ಟೆಯ ಬಳಿ ಹಿಡಿದರು.

ಕೂಸು ಥೇಟ್ ಆಚಾರ್ಯರಂತೆಯೇ ಗಂಟಲು ಸರಿಪಡಿಸಿಕೊಂಡಿತು. "ತಲೇಲಿ ಮಣ್ಣು ತುಂಬಿದೆಯೇನೇ ನಿಂಗೆ?" ಎಂದಿತು. ಮರುಕ್ಷಣವೇ ದನಿ ತಗ್ಗಿಸಿ, ವಕುಳೆಯಂತೆ, "ತಪ್ಪಾಯ್ತು ಕಣ್ರೀ" ಎಂದಿತು.

ಆಚಾರ್ಯರ ಮುಖ ಕಪ್ಪಿಟ್ಟಿತು.

"ಅದು ಟೀವಿ ಧಾರಾವಾಹೀದು, ಕುಮುದಮ್ನೋರೇ," ಎಂದಳು ವಕುಳೆ ಅವಸರದಿಂದ.

ಮನೆಯಲ್ಲಿ ಟೀವಿಯೇ ಇರಲಿಲ್ಲ. ಮಡದಿ ತಮ್ಮ ಮಾನಕ್ಕಾಗಿ ಆಡಿದ ಆ ಸುಳ್ಳು, ಕೂಸಿನ ಬಾಯಿಂದ ಬಂದ ಬೈಗುಳಕ್ಕಿಂತ ಹೆಚ್ಚಾಗಿ ಅವರನ್ನು ಸುಟ್ಟಿತು.

"ಅಲ್ಲ ತಾಯಿ. ಅದು ನನ್ನ ದನಿ."

"ಹಾಗಾದ್ರೆ ಊರಾಚೆ ಮನೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ, ಹೋದ ತಿಂಗಳು ಅಲ್ಲಿ ಜಡ್ಜ್ ಸಾಹೇಬರೇ ಇದ್ರು."

ಫೋನಿಟ್ಟು ಆಚಾರ್ಯರು ಪತ್ನಿಯೆದುರು ಮಂಡಿಯೂರಿದರು. ಕೋಶ ಕಾವ್ಯಗಳನ್ನು ಅರೆದು ಕುಡಿದ ನಾಲಿಗೆ ತಡವರಿಸಿತು.

"ತಪ್ಪಾಯ್ತು, ವಕುಳೆ."

ಕೂಸು ಸುಮ್ಮನೆ ಆಲಿಸುತ್ತಿತ್ತು. ಆ ದನಿಯಲ್ಲಿ ಆ ಮಾತನ್ನು ಅದು ಹಿಂದೆಂದೂ ಕೇಳಿರಲಿಲ್ಲ.