ಒಳಮಡಿಕೆ

ದರ್ಜಿ ತನ್ನ ಮಗಳ ಭುಜದಿಂದ ಮೊಣಕಾಲಿನವರೆಗೆ ಗೇಣು ಹಾಕುತ್ತಿದ್ದ. ಅವನ ಕೈ ಇಳಿದಂತೆಲ್ಲ ಪೊಲೀಸಪ್ಪನ ಕೈಯೂ ಇಳಿಯುತ್ತಿತ್ತು. ಇಬ್ಬರಿಗೂ ಸೇರಿಸಿ ಒಂದೇ ಕೋಳ. ಕೋರ್ಟಿನ ಮೊಗಸಾಲೆಯಲ್ಲಿ ಕೂತವರೆಲ್ಲ ತಮ್ಮ ತಮ್ಮ ಕೇಸು ಮರೆತು ನೋಡುತ್ತಿದ್ದರು.

"ಮೂರು ಗೇಣು, ಎರಡು ಬೆರಳು," ಎಂದ ದರ್ಜಿ. ಮುಖ ಅರಳಿತು. ಹೋದ ಸಲದ ಅಳತೆಗೆ ಮೂರು ತಿಂಗಳ ಬೆಳವಣಿಗೆ ಕೂಡಿಸಿ ಹೊಸ ಫ್ರಾಕಿಗೆ ಹಾಕಿದ್ದ ಅಂದಾಜು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಇನ್ನೆರಡು ಸಲ ನಿನ್ನ ಜೊತೆ ಬಂದ್ರೆ ನಾನೇ ಒಂದು ಅಂಗಡಿ ಇಟ್ಕೋಬಹುದು," ಎಂದು ಪೊಲೀಸಪ್ಪ ಸೊಂಟ ನೆಟ್ಟಗೆ ಮಾಡಿಕೊಂಡ. ಆಮೇಲೆ ತನ್ನ ಊಟದ ಚೀಲದೊಳಗಿಂದ ಫ್ರಾಕಿನ ಪೊಟ್ಟಣ ತೆಗೆದು ಹುಡುಗಿಯ ಕೈಗಿಟ್ಟ.

ಜೈಲಿನ ಹೊಲಿಗೆ ಕೋಣೆಯ ಟೇಪು ಹೊರಗೆ ಬರುವಂತಿಲ್ಲ. ಕೈದಿ ಎಲ್ಲಾದರೂ ಕುತ್ತಿಗೆಗೆ ಬಿಗಿದುಕೊಂಡಾನು ಎಂಬ ಕಾಳಜಿ. ಅದೇ ಕೈದಿ ವರ್ಷಗಟ್ಟಲೆ ಕೂತು ಕೊಳೆತರೆ ಆ ಕಾಳಜಿಯವರಿಗೆ ಚಿಂತೆಯಿಲ್ಲ. ನಾಲ್ಕೂವರೆ ವರ್ಷದ ಹಿಂದೆ ಅಂಗಡಿ ಮುಂದೆ ಹೊಡೆದಾಡುತ್ತಿದ್ದ ಇಬ್ಬರನ್ನು ಬಿಡಿಸಲು ಓಡಿದ ದರ್ಜಿ, ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡಲು ಮರೆತಿದ್ದ. ಅಷ್ಟೇ ಅವನ ಕಥೆ. ಜಾಮೀನು ಎಂದೋ ಮಂಜೂರಾಗಿತ್ತು. ಸ್ವಂತ ಮನೆಯಿದ್ದು ಅವನಿಗಾಗಿ ಸಹಿ ಹಾಕುವ ಪುಣ್ಯಾತ್ಮ ಮಾತ್ರ ಇನ್ನೂ ಹುಟ್ಟಿರಲಿಲ್ಲ. ಆ ಕತ್ತರಿಯ ಗಾಯ ನೋಡಿದ ಡಾಕ್ಟರು ಬಂದು ಸಾಕ್ಷಿ ಹೇಳಿದರೆ ಕೇಸು ಮುಗಿದಂತೆ, ಆಗಬಹುದಾದ ಶಿಕ್ಷೆಗಿಂತ ಜಾಸ್ತಿಯೇ ಒಳಗಿದ್ದಾನೆ ಎಂದು ಬಿಟ್ಟುಬಿಡುತ್ತಾರೆ ಎಂದಿದ್ದರು ವಕೀಲರು. ಡಾಕ್ಟರು ಸಾಲಾಗಿ ಹನ್ನೊಂದು ತಾರೀಖಿಗೂ ಬಂದಿರಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಬರೀ ಕಾಯುತ್ತ ಕೂತವನಿಗೆ ಯಾರೂ ಒಂದು ಗಾದೆಯನ್ನೂ ಕಟ್ಟಿಲ್ಲ.

ಪ್ರತಿ ತಾರೀಖಿಗೂ ಅವನು ಜೈಲಿನ ಹೊಲಿಗೆ ಕೆಲಸದಲ್ಲಿ ಉಳಿದ ಚೂರು ಬಟ್ಟೆ ಕೂಡಿಸಿ ಮಗಳಿಗೊಂದು ಫ್ರಾಕು ಹೊಲಿಯುತ್ತಿದ್ದ. ಅಂಗಡಿಯ ಗುಂಡಿ ಡಬ್ಬಿಯಲ್ಲಿ ಕೈಯಾಡಿಸುತ್ತ ಬೆಳೆದವಳು, ಹಾಗಾಗಿ ಅವಳನ್ನು ಕರೆಯುವುದೇ ಗುಂಡಿ ಎಂದು. ಮೊದಲನೆಯ ಫ್ರಾಕು ಅವಳ ತಲೆಯಲ್ಲೇ ಸಿಕ್ಕಿಕೊಂಡಿತ್ತು. ಇವತ್ತು ವ್ಯಾನಿಲ್ಲ, ಇವತ್ತು ಕಾವಲಿಗೆ ಜನ ಇಲ್ಲ ಎಂದು ಎರಡು ತಾರೀಖು ಅವನನ್ನು ಕೋರ್ಟಿಗೇ ತಂದಿರಲಿಲ್ಲ; ಅಷ್ಟರಲ್ಲಿ ಮಗು ಬೆಳೆದುಬಿಟ್ಟಿತ್ತು. ಮಕ್ಕಳೇನು ವಾಯಿದೆ ಕೇಳುತ್ತವೆಯೇ? ಅಂದಿನಿಂದ ಅಂಚಿನಲ್ಲಿ ಒಳಮಡಿಕೆ ಬಿಡುವುದನ್ನು ರೂಢಿ ಮಾಡಿಕೊಂಡ. ತಪ್ಪಿಹೋಗಬಹುದಾದ ಒಂದೊಂದು ತಾರೀಖಿಗೆ ಒಂದೊಂದು ಬೆರಳು ಬಟ್ಟೆ. ಫ್ರಾಕು ಗಿಡ್ಡವಾದಾಗಲೆಲ್ಲ ಹೆಂಡತಿ ಹೊಲಿಗೆ ಬಿಚ್ಚಿ ಒಂದು ಬೆರಳು ಇಳಿಸುತ್ತಿದ್ದಳು.

ಗುಂಡಿ ಅಮ್ಮನ ಜೊತೆ ಹೋಗಿ ಹೊಸ ಫ್ರಾಕು ಹಾಕಿಕೊಂಡು ಬಂದಳು. ನೀಲಿ ಬಟ್ಟೆ, ಬಿಳಿ ಕಾಲರು. ಎರಕ ಹೊಯ್ದ ಹಾಗೆ ಮೊಣಕಾಲಿಗೆ ಸರಿಯಾಗಿ ನಿಂತಿತ್ತು. ಹೆಂಡತಿ ಬಗ್ಗಿ ಅಂಚು ತಿರುಗಿಸಿ ನೋಡಿದಳು.

"ಒಳಮಡಿಕೆ ಎಲ್ಲಿ?"

"ಇನ್ಮೇಲೆ ಬೇಕಾಗಲ್ಲ ಬಿಡು. ಡಾಕ್ಟ್ರು ಇವತ್ತು ಬಂದೇ ಬರ್ತಾರಂತೆ. ಇವಳು ಬೆಳೆದಷ್ಟೂ ಮನೇಲೇ ಕೂತು ಹೊಲಿತೀನಿ."

ಆಸೆ ಇಟ್ಟುಕೊಳ್ಳಬೇಡ ಎಂದು ಸಲಸಲವೂ ಬಯ್ಯುವವಳು ಇವತ್ತು ಬಯ್ಯಲಿಲ್ಲ. ಬೆಳಿಗ್ಗೆ ಬರುವ ಮುಂಚೆ ಅವಳೂ ಮೂಲೆಯಲ್ಲಿದ್ದ ಅವನ ಮಿಷನ್ನಿನ ಮುಸುಕು ತೆಗೆದು ಎಣ್ಣೆ ಬಿಟ್ಟು ಬಂದಿದ್ದಳು. ಕೋಳವಿಲ್ಲದ ಅವನ ಕೈಯ ಕಿರುಬೆರಳು ಹಿಡಿದುಕೊಂಡು ನಿಂತಳು.

ಡಾಕ್ಟರು ಬಂದರು. ನಿಜಕ್ಕೂ ಬಂದರು. ಬೆಂಚಿನ ತುದಿಯಲ್ಲಿ ಕೂತು ಎರಡು ಸಲ ಗಡಿಯಾರ ನೋಡಿಕೊಂಡರು. ಅವರು ಕೆಮ್ಮಿದರೂ ಎದ್ದು ಹೊರಟರೇನೋ ಎಂದು ದರ್ಜಿ ತಿರುಗಿ ನೋಡುತ್ತಿದ್ದ. ಹನ್ನೊಂದೂವರೆಗೆ ಗುಮಾಸ್ತ ಹೊರಬಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿದ. ನ್ಯಾಯಾಧೀಶರು ಇಂದು ರಜೆ. ಡಾಕ್ಟರು ಚೀಟಿ ಓದಿ, ತಾವು ಬಂದು ಹೋದದ್ದಕ್ಕೆ ಗುಮಾಸ್ತನಿಂದ ಸಹಿ ಹಾಕಿಸಿಕೊಂಡು ಮೆಟ್ಟಿಲಿಳಿದರು. ಮುಂದಿನ ತಾರೀಖು ಮೂರು ತಿಂಗಳಿಗೆ.

"ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ..." ಎನ್ನಹೋದ ಪೊಲೀಸಪ್ಪ ದರ್ಜಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ದರ್ಜಿ ಯಾರ ಮೇಲೂ ರೇಗಲಿಲ್ಲ. ಬಗ್ಗಿ ಮಗಳ ಫ್ರಾಕಿನ ಅಂಚನ್ನು ಬೆರಳಲ್ಲಿ ತಡವಿದ. ಬಿಚ್ಚಿ ಇಳಿಸಲು ಅಲ್ಲಿ ಒಂದು ನೂಲಿನಷ್ಟೂ ಬಟ್ಟೆಯಿರಲಿಲ್ಲ. ಹೆಂಡತಿಗೆ, ತಪ್ಪು ಮಾಡಿಬಿಟ್ಟೆ, ಒಂದೇ ಒಂದು ಬೆರಳಾದರೂ ಬಿಡಬೇಕಿತ್ತು ಎಂದ. ನಾಲ್ಕೂವರೆ ವರ್ಷದಲ್ಲಿ ಅವನು ತಪ್ಪೊಪ್ಪಿಕೊಂಡದ್ದು ಅದೊಂದೇ.

ಗುಂಡಿ ಅವನ ತೋಳು ಜಗ್ಗಿದಳು.

"ನಾನು ಬೆಳೆಯಲ್ಲ ಬಿಡಪ್ಪ," ಎಂದಳು. "ಮೂರು ತಿಂಗಳು ತಾನೆ."

ವ್ಯಾನು ಗೇಟು ದಾಟುವಾಗ ದರ್ಜಿ ಜಾಲರಿಗೆ ಮುಖ ಒತ್ತಿ ನೋಡಿದ. ಅಮ್ಮನ ಕೈ ಹಿಡಿದುಕೊಂಡ ಗುಂಡಿ ಎರಡೂ ಮೊಣಕಾಲು ಮಡಚಿ, ತನ್ನನ್ನು ಒಂದು ಬೆರಳು ಗಿಡ್ಡ ಮಾಡಿಕೊಂಡು, ಬಸ್ಸಿನ ಕಡೆಗೆ ನಡೆಯುತ್ತಿದ್ದಳು.